ಹೊಗೆಸೊಪ್ಪಿಗೆ ಹರಾಜು ಮಾರುಕಟ್ಟೆ ಇದೆ, ಬರಹಕ್ಕೆ?

ಕಳೆದ ನವೆಂಬರ್‌ನಲ್ಲಿ ಒಂದು ದಿನ ಕಾಲೇಜಿಗೆ ಚಕ್ಕರ್ ಹಾಕಿ ಅಪ್ಪನ ಜೊತೆ ಕಟ್ಟೆಮಳಲವಾಡಿಯ ತಂಬಾಕು ಹರಾಜು ಮಾರುಕಟ್ಟೆಗೆ ಹೋಗಿದ್ದೆ. ಸಾಲಾಗಿ ಇಟ್ಟಿದ್ದ ಬೇಲ್‌ಗಳ ನಡುವೆ ಕಂಪನಿಯವರು ಕೈಯಲ್ಲಿ ಪುಟ್ಟ ಯಂತ್ರ ಹಿಡಿದು ಬೆಲೆ ಒತ್ತುತ್ತಾ ಹೋಗುತ್ತಿದ್ದರು. ನಮ್ಮ ಒಂದು ಬೇಲ್‌ಗೆ ಬಂದ ಬೆಲೆ ಅಪ್ಪನಿಗೆ ಹಿಡಿಸಲಿಲ್ಲ. 'ಈ ರೇಟ್‌ಗೆ ಕೊಡಾಕಿಲ್ಲ' ಅಂದರು. ಅಷ್ಟೇ. ಆ ಬೇಲ್ ಮತ್ತೆ ನಮ್ಮ ಜೊತೆಗೇ ಲಗೇಜ್ ಆಟೋ ಹತ್ತಿತು.

ವಾಪಸ್ ಬರುವಾಗ ಹುಣಸೂರು ಹತ್ತಿರ ನನ್ನ ಮೊಬೈಲ್‌ಗೆ ಒಂದು ಮೆಸೇಜ್ ಬಂತು. ಎರಡು ವರ್ಷದಿಂದ ನಾನು ಲೇಖನ ಬರೆದುಕೊಡುತ್ತಿದ್ದ ಕನ್ನಡ ವೆಬ್‌ಸೈಟ್‌ನವರದ್ದು. 'ಬ್ರೋ, ಇನ್ಮೇಲೆ ಆರ್ಟಿಕಲ್ ಕಳಿಸ್ಬೇಡಿ. ಎಐನಲ್ಲೇ ಮಾಡ್ಕೊತೀವಿ. ಆಲ್ ದಿ ಬೆಸ್ಟ್.' ನಾನು 'ಓಕೆ ಸರ್' ಎಂದು ಕಳಿಸಿದೆ. ಬೇರೆ ಏನು ಬರೆಯಬೇಕೋ ಹೊಳೆಯಲಿಲ್ಲ. ಅಪ್ಪ ಕೇಳಿದರು, 'ಏನ್ಲಾ, ಮಕ ಯಾಕೆ ಹಂಗಾಯ್ತು?' ಏನಿಲ್ಲ ಅಂದೆ.

ನಾನು ಮೈಸೂರಿನಲ್ಲಿ ಬಿ.ಇ. ಓದುತ್ತಿದ್ದೇನೆ. ಮೊದಲ ವರ್ಷದಲ್ಲಿ ಹಾಸ್ಟೆಲ್ ಗೆಳೆಯನೊಬ್ಬ ಈ ಕೆಲಸ ಹಿಡಿಸಿಕೊಟ್ಟ. ಐನೂರು ಪದದ ಒಂದು ಲೇಖನಕ್ಕೆ 150 ರೂಪಾಯಿ. ಅಂದರೆ ಪದಕ್ಕೆ ಮೂವತ್ತು ಪೈಸೆ. ತಿಂಗಳಿಗೆ ಇಪ್ಪತ್ತು ಲೇಖನ ಬರೆದರೆ ಮೆಸ್ ಬಿಲ್‌ನ ಮುಕ್ಕಾಲು ಭಾಗ ಕಳೆಯುತ್ತಿತ್ತು. ಪರೀಕ್ಷೆ ಶುಲ್ಕ ಕಟ್ಟುವ ತಿಂಗಳು ಮೂವತ್ತು ಬರೆದದ್ದೂ ಉಂಟು. ಒಂದು ವರ್ಷದ ನಂತರ 'ವ್ಯೂಸ್ ಇಲ್ಲ' ಎಂದು 100 ಮಾಡಿದರು. ಆಮೇಲೆ ಎಐ ಬರೆದದ್ದನ್ನು ತಿದ್ದಿಕೊಡಿ ಎಂದು 60ಕ್ಕೆ ಇಳಿಸಿದರು. ಆ ಯಂತ್ರದ ಕನ್ನಡ ತಿದ್ದುವುದಕ್ಕಿಂತ ಹೊಸದಾಗಿ ಬರೆಯುವುದೇ ಸುಲಭ. ಆದರೂ ತಿದ್ದಿದೆ. ಈಗ ಅದೂ ಇಲ್ಲ.

ಸುಳ್ಳು ಹೇಳಬಾರದು. ನಾನು ಬರೆದದ್ದರಲ್ಲಿ ಮುಕ್ಕಾಲು ಪಾಲು ಕಸ. 'ಮೊಸರಿಗೆ ಇದನ್ನು ಬೆರೆಸಿ ತಿಂದರೆ ಏನಾಗುತ್ತೆ ಗೊತ್ತಾ?' ಎಂಬಂಥ ತಲೆಬರಹಗಳನ್ನು ಹೊಸೆದವರಲ್ಲಿ ನಾನೂ ಒಬ್ಬ. ಒಮ್ಮೆ ರವೆ ರೊಟ್ಟಿ ಮಾಡುವ ವಿಧಾನ ಬರೆದಾಗ ನನಗೇ ನಗು ಬಂದಿತ್ತು. ನಮ್ಮ ತಾಲ್ಲೂಕಿನ ಕಲ್ಲಹಳ್ಳಿಯಲ್ಲಿ ಹದಿನಾರನೇ ಶತಮಾನದ ಆರಂಭದಲ್ಲಿದ್ದ ಮೂರನೇ ಮಂಗರಸ ಕನ್ನಡದಲ್ಲಿ ಅಡುಗೆಯ ಬಗ್ಗೆಯೇ 'ಸೂಪಶಾಸ್ತ್ರ' ಬರೆದವನು. ಅವನು ಅರಸು ಮನೆತನದವನು, ಪದದ ಲೆಕ್ಕ ಹಾಕುವ ದರ್ದು ಇರಲಿಲ್ಲ. ಅದೇ ಕಲ್ಲಹಳ್ಳಿಯಿಂದ ಕಾದಂಬರಿಕಾರ ಚದುರಂಗರು ಬಂದರು. ಅವರ 'ವೈಶಾಖ'ಕ್ಕೆ 1982ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಬಂತು. ಅದೇ ಸೀಮೆಯಿಂದ ನಾನು, ಐದೇ ನಿಮಿಷದಲ್ಲಿ ರವೆ ರೊಟ್ಟಿ. ಆ ಕೆಲಸವನ್ನು ಯಂತ್ರ ಕಿತ್ತುಕೊಂಡಿತು ಎಂದು ಅಳುವುದರಲ್ಲಿ ಅರ್ಥವಿಲ್ಲ. ಓದುಗರಿಗೂ ಅದರಿಂದ ನಷ್ಟವಿಲ್ಲ.

ಆದರೆ ಇನ್ನೊಂದು ಕಾಲು ಪಾಲು ಇತ್ತು. ವೀರನಹೊಸಹಳ್ಳಿ ಕಡೆ ಆನೆಗಳು ಬಂದು ಜೋಳ, ರಾಗಿ ತುಳಿದು ಹೋಗುವುದು ನಮಗೆ ಹೊಸದಲ್ಲ. ಬೆಳೆ ಹೋದವರು ಪರಿಹಾರಕ್ಕೆ ಎಲ್ಲಿ ಅರ್ಜಿ ಕೊಡಬೇಕು, ಯಾವ ದಾಖಲೆ ಬೇಕು, ಫೋಟೊ ಹೇಗೆ ತೆಗೆದಿರಬೇಕು, ಪಹಣಿ ತಾತನ ಹೆಸರಲ್ಲೇ ಇದ್ದರೆ ಏನು ಮಾಡಬೇಕು ಎಂದು ಒಂದು ಲೇಖನ ಬರೆದೆ. ಅರಣ್ಯ ಇಲಾಖೆ ಕಚೇರಿಗೆ ಎರಡು ಸಲ ಹೋದೆ, ನಾಲ್ವರು ರೈತರ ಹತ್ತಿರ ಕೂತು ಮಾತಾಡಿದೆ. ಬಸ್ಸಿಗೇ ನೂರು ರೂಪಾಯಿ ಮೇಲಾಯಿತು. ಸಿಕ್ಕಿದ್ದು ರವೆ ರೊಟ್ಟಿಗೆ ಸಿಕ್ಕಿದಷ್ಟೇ ದುಡ್ಡು. ಲೇಖನ ಬಂದ ವಾರ ಪಿರಿಯಾಪಟ್ಟಣದ ಹಳ್ಳಿಯೊಂದರಿಂದ ಒಬ್ಬರು ಹೇಗೋ ನನ್ನ ನಂಬರ್ ಹುಡುಕಿ ಫೋನ್ ಮಾಡಿದರು. 'ತಮ್ಮಾ, ಬಾಳೆ ತೋಟಕ್ಕೂ ಇದೇ ಅರ್ಜಿನಾ?' ಎಂದು ಕೇಳಿದರು. ಆ ಫೋನಿನ ಖುಷಿ ಈಗಲೂ ಇದೆ. ನಾನು ಕಳೆದುಕೊಂಡಿದ್ದು ಎಂದು ಹೇಳುವುದು ಈ ಕೆಲಸವನ್ನು.

ನನ್ನೊಬ್ಬನ ಕಥೆಯಲ್ಲ ಇದು. ಎಚ್.ಡಿ. ಕೋಟೆಯ ಗೆಳೆಯನೊಬ್ಬ ತನ್ನ ತಾಲ್ಲೂಕಿನ ಬಗ್ಗೆ ಕನ್ನಡದಲ್ಲೂ ಇಂಗ್ಲಿಷಿನಲ್ಲೂ ಬ್ಲಾಗ್ ಬರೆಯುತ್ತಿದ್ದ. ಕಬಿನಿ, ನುಗು, ತಾರಕ, ಹೆಬ್ಬಳ್ಳ ಎಂದು ನಾಲ್ಕು ಜಲಾಶಯ ಇರುವ ತಾಲ್ಲೂಕು ಅದು. ಹೊರಗಿನವರಿಗೆ ಗೊತ್ತಿರುವುದು ರೆಸಾರ್ಟ್ ಮಾತ್ರ. ಭೀಮನಕೊಲ್ಲಿಗೆ ಹೋಗುವ ಬಸ್ ಎಷ್ಟು ಹೊತ್ತಿಗೆ, ಹಿನ್ನೀರು ಇಳಿದಾಗ ಏನು ಕಾಣುತ್ತದೆ, ಊಟ ಎಲ್ಲಿ ಸಿಗುತ್ತದೆ ಎಂದೆಲ್ಲ ಅವನೇ ಹೋಗಿ ನೋಡಿ ಬರೆಯುತ್ತಿದ್ದ. ಜಾಹೀರಾತಿನಿಂದ ಒಂದಿಷ್ಟು ಬರುತ್ತಿತ್ತು. ಖಾತೆಯಲ್ಲಿ 100 ಡಾಲರ್ ತುಂಬಿದರೆ ಮಾತ್ರ ಬ್ಯಾಂಕಿಗೆ ಹಣ ಬರುವ ವ್ಯವಸ್ಥೆ. ಮೊದಲು ನಾಲ್ಕೈದು ತಿಂಗಳಿಗೊಮ್ಮೆ ತುಂಬುತ್ತಿತ್ತು. ಈಗ ಒಂದು ವರ್ಷದಿಂದ 71 ಡಾಲರ್ ಆಸುಪಾಸಿನಲ್ಲೇ ನಿಂತಿದೆ. 'ಕೆರೆ ತುಂಬಿದ್ರೆ ತಾನೇ ಕೋಡಿ ಬೀಳೋದು' ಎನ್ನುತ್ತಾನೆ. ಕೆ.ಆರ್. ನಗರದ ಗೆಳತಿ ಕಥೆಯ ಆ್ಯಪ್ ಒಂದರಲ್ಲಿ ಧಾರಾವಾಹಿ ಬರೆಯುತ್ತಾಳೆ. ಮೊದಲ ಕಂತಿಗೆ ಸಾವಿರಾರು ಓದುಗರು. ದುಡ್ಡು ಕೊಟ್ಟು ಓದಬೇಕಾದ ಕಂತು ಬಂದ ತಕ್ಷಣ ಎಲ್ಲರೂ ಮಾಯ. ಅದನ್ನು ಸ್ಕ್ರೀನ್‌ಶಾಟ್ ತೆಗೆದು ವಾಟ್ಸ್‌ಆ್ಯಪ್‌ನಲ್ಲಿ ಹಂಚುವ ಗುಂಪಿಗೆ ಅವಳನ್ನೇ ಯಾರೋ ಸೇರಿಸಿದ್ದರಂತೆ!

ಜನ ಓದುವುದನ್ನೇ ಬಿಟ್ಟಿದ್ದಾರೆ ಎಂದು ಹಿರಿಯರು ಹೇಳುತ್ತಾರೆ. ಅದು ಪೂರ್ತಿ ಸುಳ್ಳಲ್ಲ. ಹುಣಸೂರು–ಮೈಸೂರು ಬಸ್ಸಿನಲ್ಲಿ ನಿಂತು ನೋಡಿದರೆ ಎಲ್ಲರ ಹೆಬ್ಬೆರಳೂ ಮೇಲಕ್ಕೇ ಹೋಗುತ್ತಿರುತ್ತದೆ. 2020ರ ಜೂನ್‌ನಲ್ಲಿ ಟಿಕ್‌ಟಾಕ್ ನಿಷೇಧವಾಯಿತು, ಮರು ತಿಂಗಳೇ ಇನ್‌ಸ್ಟಾಗ್ರಾಂನಲ್ಲಿ ರೀಲ್ಸ್ ಬಂತು. ಆಮೇಲೆ ಐನೂರು ಪದ ಓದುವ ತಾಳ್ಮೆ ನನಗೇ ಕಡಿಮೆಯಾಗಿದೆ. ಆದರೆ ಆನೆ ಪರಿಹಾರದ ಅರ್ಜಿ ಹುಡುಕುವವರು ರೀಲ್ಸ್ ನೋಡಿ ಸುಮ್ಮನಾಗುವುದಿಲ್ಲ. ಅವರಿಗೆ ಮಾಹಿತಿ ಬೇಕೇ ಬೇಕು. ಅವರು ಈಗಲೂ ಹುಡುಕುತ್ತಾರೆ, ಉತ್ತರವೂ ಸಿಗುತ್ತದೆ. ಬರೆದವನ ಪುಟಕ್ಕೆ ಬರುವುದಿಲ್ಲ, ಅಷ್ಟೇ.

2022ರ ನವೆಂಬರ್‌ನಲ್ಲಿ ಚಾಟ್‌ಜಿಪಿಟಿ ಬಂತು. 2024ರ ಆಗಸ್ಟ್‌ನಲ್ಲಿ ಗೂಗಲ್ ನಮ್ಮ ದೇಶದಲ್ಲೂ ಹುಡುಕಾಟದ ಮೇಲ್ಭಾಗದಲ್ಲೇ ಎಐ ಸಾರಾಂಶ ಕೊಡಲು ಶುರುಮಾಡಿತು, ಮೊದಲು ಇಂಗ್ಲಿಷ್ ಮತ್ತು ಹಿಂದಿಯಲ್ಲಿ. ಅಮೆರಿಕದ ಪ್ಯೂ ರಿಸರ್ಚ್ ಸೆಂಟರ್ 2025ರ ಜುಲೈನಲ್ಲಿ ಒಂದು ಲೆಕ್ಕ ಪ್ರಕಟಿಸಿತು. ಸಾರಾಂಶ ಇಲ್ಲದಿದ್ದಾಗ ನೂರು ಹುಡುಕಾಟದಲ್ಲಿ 15 ಸಲ ಜನ ಯಾವುದೋ ಕೊಂಡಿ ಒತ್ತುತ್ತಾರೆ, ಸಾರಾಂಶ ಇದ್ದರೆ 8 ಸಲ ಮಾತ್ರ. ಅಲ್ಲಿಗೆ ಸರಿಸುಮಾರು ಅರ್ಧ. ಅದು ಇಂಗ್ಲಿಷ್ ಓದುವ ದೊಡ್ಡ ಮಾರುಕಟ್ಟೆಯ ಕಥೆ. ಕನ್ನಡದ ಗಾಡಿ ಮೊದಲೇ ತಡವಾಗಿ ಹೊರಟದ್ದು. ಗೂಗಲ್‌ನ ಆಡ್‌ಸೆನ್ಸ್ ಜಾಹೀರಾತು ಹಿಂದಿ ಬರಹಗಳಿಗೆ 2014ರಲ್ಲೇ ಸಿಕ್ಕಿತು, ತಮಿಳಿಗೆ 2018ರಲ್ಲಿ. ಕನ್ನಡ ಇನ್ನೂ ಕಾಯಬೇಕಾಯಿತು. 2011ರ ಜನಗಣತಿಯಲ್ಲಿ ಕನ್ನಡ ಮಾತೃಭಾಷೆಯವರು 4.37 ಕೋಟಿ. ಇಷ್ಟು ಜನರ ಭಾಷೆಯಲ್ಲಿ ಬರೆದು ನಾಲ್ಕು ಕಾಸು ನೋಡುವ ದಾರಿ ತೆರೆದುಕೊಳ್ಳುವಷ್ಟರಲ್ಲೇ ಮುಚ್ಚಿಕೊಳ್ಳುತ್ತಿದೆ.

'ಚೆನ್ನಾಗಿ ಬರೆದರೆ ಓದುಗರು ತಾವಾಗಿ ಬರ್ತಾರೆ' ಎನ್ನುವುದು ನಮ್ಮ ಕನ್ನಡ ಮೇಷ್ಟ್ರ ಮಾತು. ಅವರು ಪಿರಿಯಾಪಟ್ಟಣದಲ್ಲಿ ಹೈಸ್ಕೂಲಿನಲ್ಲಿದ್ದಾಗ ಪತ್ರಿಕೆಗೆ ಹನಿಗವನ ಕಳಿಸಿ ಮನಿಆರ್ಡರ್ ಪಡೆದವರು. ಐವತ್ತು ರೂಪಾಯಿಯಂತೆ, ಪೋಸ್ಟ್‌ಮ್ಯಾನ್‌ಗೆ ಐದು ಕೊಟ್ಟರಂತೆ. ಮೇಷ್ಟ್ರ ಮೇಲೆ ಗೌರವ ಇಟ್ಟುಕೊಂಡೇ ಹೇಳುತ್ತೇನೆ, ಅವರ ಹನಿಗವನಕ್ಕೂ ಆ ಐವತ್ತು ರೂಪಾಯಿಗೂ ನಡುವೆ ಒಬ್ಬ ಸಂಪಾದಕರಿದ್ದರು. ಓದಿ, ಇದು ಪರವಾಗಿಲ್ಲ, ಇದು ಬೇಡ ಎಂದು ಆರಿಸುತ್ತಿದ್ದರು. ನನ್ನ ಎರಡು ವರ್ಷದ ಲೇಖನಗಳನ್ನು ಹಾಕುವ ಮೊದಲು ಯಾರಾದರೂ ಪೂರ್ತಿ ಓದಿದ್ದರು ಎಂದು ನನಗನ್ನಿಸುವುದಿಲ್ಲ. ಒಮ್ಮೆ ಪರೀಕ್ಷಿಸಲೆಂದೇ ಒಂದು ಪ್ಯಾರಾವನ್ನು ಎರಡು ಸಲ ಹಾಕಿ ಕಳಿಸಿದೆ. ಹಾಗೇ ಪ್ರಕಟವಾಯಿತು.

ಅದಕ್ಕೇ ನನಗೆ ಕಟ್ಟೆಮಳಲವಾಡಿ ಮತ್ತೆ ಮತ್ತೆ ನೆನಪಾಗುವುದು. ಹೊಗೆಸೊಪ್ಪಿನಲ್ಲಿ ಬ್ರೈಟ್, ಮೀಡಿಯಂ, ಲೋ ಗ್ರೇಡ್ ಎಂದು ಬೇರೆ ಬೇರೆ. ಅಮ್ಮ, ಚಿಕ್ಕಮ್ಮ ವಾರಗಟ್ಟಲೆ ಕೂತು ಎಲೆ ವಿಂಗಡಿಸುತ್ತಾರೆ, ಏಕೆಂದರೆ ಒಳ್ಳೆ ಎಲೆಗೆ ಒಳ್ಳೆ ಬೆಲೆ. ಬರಹದ ಸಂತೆಯಲ್ಲಿ ಆನೆ ಪರಿಹಾರವೂ ರವೆ ರೊಟ್ಟಿಯೂ ಒಂದೇ ಗ್ರೇಡ್. ಮತ್ತೆ, ತಂಬಾಕು ಮಂಡಳಿ ಶುರುವಾದದ್ದು 1976ರಲ್ಲಿ, ಕರ್ನಾಟಕದಲ್ಲಿ ಹರಾಜು ಪದ್ಧತಿ ಬಂದದ್ದು 1984ರಲ್ಲಿ. ಅದಕ್ಕೂ ಮುಂಚೆ ವ್ಯಾಪಾರಿ ಹೇಳಿದ್ದೇ ರೇಟು, ಅವನು ಕೊಟ್ಟಾಗಲೇ ದುಡ್ಡು ಎಂದು ತಾತ ಹೇಳುತ್ತಿದ್ದರು. ಹರಾಜು ಬಂದ ಮೇಲೆ ರೈತ ಶ್ರೀಮಂತನಾದ ಎಂದಲ್ಲ. ಈಗಲೂ ಬೆಲೆ ಸಾಲದೆಂದು ಗಲಾಟೆ ಆಗುತ್ತಲೇ ಇರುತ್ತದೆ. ಆದರೆ ಬೆಲೆ ಎಲ್ಲರ ಎದುರು ಗೊತ್ತಾಗುತ್ತದೆ, ಬೇಡ ಎನ್ನಲೂಬಹುದು. ಆರೋಗ್ಯಕ್ಕೆ ಹಾನಿಕರ ಎಂದು ಪ್ಯಾಕಿನ ಮೇಲೇ ಅಚ್ಚು ಹಾಕುವ ಬೆಳೆಗೆ ಇಷ್ಟು ವ್ಯವಸ್ಥೆ ಮಾಡಲು ಸಾಧ್ಯವಾಗಿದೆ.

ಬರಹಕ್ಕೆ ಮಂಡಳಿ ಮಾಡಿ ಎಂದು ಕೇಳುತ್ತಿಲ್ಲ, ಮಾಡಿದರೆ ಅದಕ್ಕೊಬ್ಬ ಅಧ್ಯಕ್ಷರು, ಕಾರು ಬರುತ್ತದೆ ಅಷ್ಟೇ. ಇರುವುದರಲ್ಲೇ ದಾರಿಯಿದೆ. ನಾವು ಕಟ್ಟುವ ಆಸ್ತಿ ತೆರಿಗೆಯ ಮೇಲೆ ಶೇ 6ರಷ್ಟು ಗ್ರಂಥಾಲಯ ಕರ ಇದೆ, 1965ರ ಕಾಯ್ದೆಯ ಪ್ರಕಾರ. ಸರ್ಕಾರ ಅಚ್ಚಾದ ಕನ್ನಡ ಪುಸ್ತಕಗಳನ್ನು ಆಯ್ಕೆ ಮಾಡಿ ಗ್ರಂಥಾಲಯಗಳಿಗೆ ಕೊಳ್ಳುತ್ತದೆ. ಅದರಿಂದಲೇ ಎಷ್ಟೋ ಪ್ರಕಾಶಕರು ಉಸಿರಾಡುತ್ತಿದ್ದಾರೆ. 2020ರಲ್ಲಿ ಶುರುವಾದ ಡಿಜಿಟಲ್ ಗ್ರಂಥಾಲಯವೂ ನಮ್ಮಲ್ಲಿದೆ. ಹೀಗಿರುವಾಗ ಸ್ಥಳೀಯ ಮಾಹಿತಿಯ ಒಳ್ಳೆಯ ಬರಹಗಳನ್ನು ತಾಲ್ಲೂಕುವಾರು ಆರಿಸಿ ಅಲ್ಲಿ ಹಾಕಿ, ಓದಿದಷ್ಟಕ್ಕೆ ಬರೆದವರಿಗೆ ಕೊಡಬಾರದೇಕೆ? ಬ್ರಿಟನ್‌ನಲ್ಲಿ ಗ್ರಂಥಾಲಯದಿಂದ ಪುಸ್ತಕ ಎರವಲು ಹೋದಷ್ಟೂ ಲೇಖಕರಿಗೆ ಸಣ್ಣ ಮೊತ್ತ ಸೇರಬೇಕೆಂದು 1979ರಲ್ಲೇ ಕಾನೂನಾಗಿದೆ. 2018ರಿಂದ ಇ–ಪುಸ್ತಕಗಳಿಗೂ ಅದು ಅನ್ವಯ. ನಮ್ಮ ರಾಜ್ಯ ಸರ್ಕಾರವೂ 2024ರಲ್ಲಿ ಡಿಜಿಟಲ್ ಜಾಹೀರಾತು ಮಾರ್ಗಸೂಚಿ ತಂದಿತು. ಆದರೆ ಅಲ್ಲಿ ಸೋಷಿಯಲ್ ಮೀಡಿಯಾದವರಿಗೆ ಬೇಕಾದದ್ದು ಫಾಲೋವರ್‌ಗಳ ಸಂಖ್ಯೆ. ಎಚ್.ಡಿ. ಕೋಟೆಯ ಬಸ್ ಟೈಮ್ ಬರೆಯುವವನಿಗೆ ಲಕ್ಷಗಟ್ಟಲೆ ಫಾಲೋವರ್‌ಗಳು ಎಲ್ಲಿಂದ ಬರಬೇಕು?

ಯಂತ್ರಕ್ಕೆ ಹೆದರಿ ಇದನ್ನು ಬರೆಯುತ್ತಿಲ್ಲ. ನಾನು ಓದುತ್ತಿರುವುದೇ ಕಂಪ್ಯೂಟರ್ ಸೈನ್ಸ್. ಅದು ಹೇಗೆ ಕೆಲಸ ಮಾಡುತ್ತದೆ ಎಂಬುದು ಅಷ್ಟಿಷ್ಟು ಗೊತ್ತು. ಯಾರಾದರೂ ಮೊದಲು ಬರೆದಿಟ್ಟದ್ದರಿಂದಲೇ ಅದು ಕಲಿಯುವುದು. ವೀರನಹೊಸಹಳ್ಳಿಗೆ ಹೋಗಿ ಅರ್ಜಿ ನಮೂನೆ ನೋಡಿ ಬರುವುದು ಅದಕ್ಕೆ ಆಗುವುದಿಲ್ಲ. ಮುಂದಿನ ವರ್ಷ ನಿಯಮ ಬದಲಾದರೆ, ಹೋಗಿ ನೋಡಿ ಬರೆಯುವವರೇ ಇಲ್ಲದಿದ್ದರೆ, ಅದು ಹಳೆಯ ಉತ್ತರವನ್ನೇ ಧೈರ್ಯವಾಗಿ ಹೇಳುತ್ತಿರುತ್ತದೆ. ಅದನ್ನು ನಂಬಿ ರೈತರು ತಪ್ಪು ಕಾಗದ ಹಿಡಿದುಕೊಂಡು ಕಚೇರಿಗೆ ಹೋಗುತ್ತಾರೆ.

ಅಂದು ವಾಪಸ್ ತಂದ ಬೇಲ್ ಎರಡು ವಾರದ ನಂತರ ಹೋಯಿತು, ಕೆ.ಜಿ.ಗೆ ಏಳು ರೂಪಾಯಿ ಹೆಚ್ಚಿಗೆ. ಸಂಕ್ರಾಂತಿಗೆ ಊರಿಗೆ ಹೋಗಿದ್ದಾಗ ಅಪ್ಪ ಜಗಲಿ ಮೇಲೆ ಕೂತು ಊರಿನ ವಾಟ್ಸ್‌ಆ್ಯಪ್ ಗುಂಪಿನಲ್ಲಿ ಬಂದದ್ದನ್ನು ಜೋರಾಗಿ ಓದುತ್ತಿದ್ದರು. ಆನೆ ಪರಿಹಾರದ ನನ್ನ ಲೇಖನವೇ. ಹೆಸರಿಲ್ಲ, ವೆಬ್‌ಸೈಟ್‌ನ ಗುರುತೂ ಇಲ್ಲ, ಕೊನೆಯಲ್ಲಿ ಎರಡು ಕೈ ಮುಗಿಯುವ ಚಿತ್ರ. 'ನೋಡ್ಲಾ, ಯಾರೋ ಎಷ್ಟು ಚೆಂದಾಗಿ ಬಿಡಿಸಿ ಬರ್ದವ್ರೆ. ನೀನೂ ಬರೀತೀನಿ ಬರೀತೀನಿ ಅಂತೀಯ, ಇಂಥದ್ದು ಬರಿ' ಅಂದರು. ಆಯ್ತಪ್ಪ ಅಂದೆ.