ಕಂಪನಿ ಮುಚ್ಚಿತು, ಬಿಲ್ಲು ಉಳಿಯಿತು

ಅಮೆರಿಕದ ವರ್ಜೀನಿಯಾ ರಾಜ್ಯದ ಸ್ಟಾಂಟನ್ ಪಟ್ಟಣದ ಹತ್ತಿರ ಪಾರ್ಕರ್ ಎಂಬ ಬಿಲ್ಲಿನ ಕಂಪನಿ ಇತ್ತು. ಬೇಟೆಗಾರರಿಗೆ ಕಾಂಪೌಂಡ್ ಬಿಲ್ಲು (ತುದಿಗಳಲ್ಲಿ ಗಾಲಿ ಇರುವ ಬಿಲ್ಲು), ಕ್ರಾಸ್‌ಬೋ ಎರಡನ್ನೂ ಮಾಡುತ್ತಿತ್ತು. ಕ್ರಾಸ್‌ಬೋ ಎಂದರೆ ಬಂದೂಕಿನಂಥ ಹಿಡಿಕೆಯ ಮೇಲೆ ಅಡ್ಡಲಾಗಿ ಕೂರಿಸಿದ ಬಿಲ್ಲು. ಹೆದೆಯನ್ನು ಎಳೆದು ಕೊಕ್ಕೆಗೆ ಸಿಕ್ಕಿಸಿಟ್ಟರೆ ತೋಳಿಗೆ ಮುಂದೆ ಕೆಲಸವಿಲ್ಲ. ಕುದುರೆ, ಅಂದರೆ ಟ್ರಿಗರ್, ಒತ್ತಿದಾಗ ಬಾಣ ಹೋಗುತ್ತದೆ. ಸುಮಾರು ಮೂರು ದಶಕ ನಡೆದ ಆ ಕಂಪನಿ 2018ರಲ್ಲಿ ಬಾಗಿಲು ಹಾಕಿತು. ಅದಕ್ಕೂ ಐದು ವರ್ಷ ಮೊದಲು, 2013ರಲ್ಲಿ, ಒಹಾಯೋ ರಾಜ್ಯದ ಕೆಂಟ್‌ನಲ್ಲಿದ್ದ ಹಾರ್ಟನ್ ಎಂಬ ಹಳೆಯ ಕ್ರಾಸ್‌ಬೋ ಕಂಪನಿಯೂ ಹೀಗೆಯೇ ಮುಚ್ಚಿತ್ತು.

ಇಂಥ ಸುದ್ದಿ ಬಂದಾಗ ಬೇಟೆಗಾರರ ನಡುವೆ ಮಾತು ಎರಡಾಗುತ್ತದೆ. ದುಡ್ಡು ಕೊಟ್ಟು ಕೊಂಡವರನ್ನು ನಡುನೀರಿನಲ್ಲಿ ಕೈಬಿಟ್ಟರು ಎಂದು ಕೆಲವರು ಸಿಟ್ಟಾಗುತ್ತಾರೆ. ವ್ಯಾಪಾರ ಅಂದಮೇಲೆ ಏಳೂ ಇದೆ, ಬೀಳೂ ಇದೆ, ಇಷ್ಟು ವರ್ಷ ಒಳ್ಳೆಯ ಮಾಲು ಕೊಟ್ಟರಲ್ಲ ಎನ್ನುವವರೂ ಅಷ್ಟೇ ಮಂದಿ. ಎರಡನ್ನೂ ಸಮಾಧಾನದಿಂದ ತೂಗಿ ನೋಡಬೇಕು ಅನ್ನಿಸುತ್ತದೆ.

ನಮ್ಮಲ್ಲಿ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಪ್ರಕಾರ ಬೇಟೆ ಅಪರಾಧ. ಬೇಟೆಗಾರರ ನಷ್ಟಕ್ಕೆ ನಾವೇಕೆ ಮರುಗಬೇಕು ಎಂದು ಓದುಗರು ಕೇಳಿದರೆ ತಪ್ಪಿಲ್ಲ. ನನಗೂ ಬೇಟೆಯ ಒಲವಿಲ್ಲ. ಆದರೆ ಅಲ್ಲಿನ ಲೆಕ್ಕ ಬೇರೆ. ಬಿಳಿಬಾಲದ ಜಿಂಕೆಗಳ ಸಂಖ್ಯೆ ಅಲ್ಲಿ ಕೋಟಿಗಳಲ್ಲಿದೆ. ಯಾವ ತಿಂಗಳು, ಯಾವ ಆಯುಧದಿಂದ, ಎಷ್ಟು ಜಿಂಕೆ ಹೊಡೆಯಬಹುದು ಎಂಬುದನ್ನು ಪ್ರತಿ ರಾಜ್ಯವೂ ಗೊತ್ತುಮಾಡುತ್ತದೆ. ಬಿಲ್ಲು, ಕ್ರಾಸ್‌ಬೋಗಳ ಮಾರಾಟದ ಮೇಲೆ ತಯಾರಕರು ಕಟ್ಟುವ ಶೇಕಡಾ 11ರ ತೆರಿಗೆ ರಾಜ್ಯಗಳ ವನ್ಯಜೀವಿ ಇಲಾಖೆಗಳಿಗೇ ಹೋಗುತ್ತದೆ. ಆ ಪದ್ಧತಿಗೆ 1937ರ ಕಾಯ್ದೆಯೊಂದು ಬುನಾದಿ. ಇನ್ನೊಂದು ಮಾತು: ಸಡಿಲಾದ ಹೆದೆಯಿಂದ ಹೊರಟ ಬಾಣ ಗುರಿ ತಪ್ಪಿದರೆ ನರಳುವುದು ಜಿಂಕೆ. ಬಿಲ್ಲು ಸುಸ್ಥಿತಿಯಲ್ಲಿರುವುದು ಜಿಂಕೆಯ ಪಕ್ಷದವರಿಗೂ ಬೇಕಾದ ಸಂಗತಿ.

ಸಿಟ್ಟಾದವರ ಮಾತು ತಿಳಿಯಬೇಕಾದರೆ ಬಿಲ್ಲನ್ನೊಮ್ಮೆ ಹತ್ತಿರದಿಂದ ನೋಡಬೇಕು. ಇಂದಿನ ಹೆಚ್ಚಿನ ಕ್ರಾಸ್‌ಬೋಗಳಲ್ಲಿ ಫೈಬರ್‌ಗ್ಲಾಸಿನ ಬಾಗುವ ಪಟ್ಟಿಗಳಿರುತ್ತವೆ, ಅವುಗಳ ತುದಿಗೆ ಗಾಲಿಗಳು, ಗಾಲಿಗಳನ್ನು ಸುತ್ತಿ ಒಂದು ಹೆದೆ, ಎರಡು ಕೇಬಲ್. ಎಳೆತದ ಭಾರ 150 ಪೌಂಡು, ಅಂದರೆ 68 ಕಿಲೋ. ಅದಕ್ಕೂ ಹೆಚ್ಚಿನವು ಬೇಕಾದಷ್ಟಿವೆ. ಬಾಣ ಸೆಕೆಂಡಿಗೆ 300 ಅಡಿಗೂ ಮೀರಿ ಹೋಗುತ್ತದೆ. ಇಷ್ಟು ಬಿಗಿ ಹೊತ್ತ ಹೆದೆ, ಕೇಬಲ್‌ಗಳು ಸವೆಯದೆ ಇರಲಾರವು. ಎರಡು ಮೂರು ವರ್ಷಕ್ಕೊಮ್ಮೆ ಬದಲಿಸಬೇಕು. ಬದಲಿಸುವಾಗ ಬಿಲ್ಲನ್ನು ಪ್ರೆಸ್ಸಿಗೆ ಹಾಕಿ ಪಟ್ಟಿಗಳನ್ನು ಬಗ್ಗಿಸಿ ಹಿಡಿಯಬೇಕು. ಕೇಬಲ್‌ಗಳ ಉದ್ದದಲ್ಲಿ ಕೂದಲೆಳೆಯಷ್ಟು ಹೆಚ್ಚುಕಡಿಮೆಯಾದರೂ ಎರಡು ಗಾಲಿಗಳು ಒಟ್ಟಿಗೆ ತಿರುಗುವುದಿಲ್ಲ, ಬಾಣ ಪಕ್ಕಕ್ಕೆ ಸರಿಯುತ್ತದೆ. ಬಾಣವಿಲ್ಲದೆ ಒಮ್ಮೆ ಕುದುರೆ ಒತ್ತಿಬಿಟ್ಟರೆ ಪಟ್ಟಿಯೇ ಸಿಡಿಯಬಹುದು. ಹೀಗಿರುವುದರಿಂದ, ಬಿಲ್ಲು ಕೊಳ್ಳುವವನು ಕಂಪನಿಯ ಜೊತೆ ಹಲವು ವರ್ಷಗಳ ಸಂಬಂಧವನ್ನೂ ಕೊಳ್ಳುತ್ತಾನೆ. ಲೈಫ್‌ಟೈಮ್ ವಾರಂಟಿ ಎಂದು ಮಾರಿದ ಬಿಲ್ಲಾದರೆ ಆ ಭರವಸೆಯ ಬೆಲೆಯನ್ನೂ ಅವನು ಮೊದಲ ದಿನವೇ ಕೊಟ್ಟಿರುತ್ತಾನೆ.

ಕೊಳ್ಳುವವರು ಯಾರು ಎಂಬುದನ್ನೂ ಮರೆಯಬಾರದು. ಹಲವು ರಾಜ್ಯಗಳಲ್ಲಿ ಬಹುಕಾಲ ಬಿಲ್ಲಿನ ಸೀಸನ್ನಿನಲ್ಲಿ ಕ್ರಾಸ್‌ಬೋ ಹಿಡಿಯಲು ಅಂಗವೈಕಲ್ಯದ ಪರವಾನಗಿ ಇದ್ದವರಿಗೆ, ಇಲ್ಲವೇ ವಯಸ್ಸಾದವರಿಗೆ ಮಾತ್ರ ಅನುಮತಿ ಇತ್ತು. ಭುಜ ನೋವಿನಿಂದ ಉದ್ದ ಬಿಲ್ಲು ಎಳೆಯಲಾರದ ಮುದುಕರು, ಒಂದು ಕೈ ಸ್ವಾಧೀನದಲ್ಲಿಲ್ಲದವರು ಇದರಿಂದಲೇ ಕಾಡಿಗೆ ಹೋಗುತ್ತಿದ್ದರು. ಪಿಂಚಣಿಯ ಹಣದಲ್ಲಿ ಒಮ್ಮೆ ಕೊಂಡದ್ದು ಕೊನೆಯವರೆಗೆ ಬರಲಿ ಎಂದುಕೊಂಡವನಿಗೆ, ಹೊಸದು ಕೊಂಡರಾಯಿತು ಬಿಡಿ ಎನ್ನುವ ಉತ್ತರ ನ್ಯಾಯವಾಗಿ ಕೇಳಿಸುವುದಿಲ್ಲ.

ಇನ್ನು ಕಂಪನಿಯ ಪಕ್ಷ. ಇದು ದೊಡ್ಡ ಲಾಭದ ಕಸುಬಲ್ಲ. ಬೇಟೆಯ ಸೀಸನ್ ಶರತ್ಕಾಲದ್ದು, ಆದರೆ ಮಾಲಿಗೆ ಬಂಡವಾಳ ಹಾಕಬೇಕಾದದ್ದು ಎಷ್ಟೋ ತಿಂಗಳು ಮೊದಲು. ಒಂದು ವರ್ಷ ಮಾಲು ಉಳಿದರೆ ಮುಂದಿನ ವರ್ಷ ಅದು ಹಳೆಯ ಮಾಡೆಲ್. ಮಾಲು ಗಟ್ಟಿಮುಟ್ಟಾಗಿದ್ದಷ್ಟೂ ಅದೇ ಗಿರಾಕಿ ಮರಳಿ ಬರುವುದು ತಡ. ಹೊಸ ಗಿರಾಕಿಗಳು ಬಂದದ್ದು ಮುಖ್ಯವಾಗಿ ಕಾನೂನು ಸಡಿಲವಾದಾಗ: 2009ರಲ್ಲಿ ಪೆನ್ಸಿಲ್ವೇನಿಯಾ, ಮಿಷಿಗನ್, 2014ರಲ್ಲಿ ವಿಸ್ಕಾನ್ಸಿನ್ ಕ್ರಾಸ್‌ಬೋಗೆ ಬಾಗಿಲು ಅಗಲಿಸಿದವು. ಆಗ ಮಾರುಕಟ್ಟೆ ಉಬ್ಬಿತು, ತಯಾರಕರೂ ಹೆಚ್ಚಿದರು. ಅಂಥ ಏರಿಕೆ ಪ್ರತಿ ವರ್ಷ ಬರುವಂಥದ್ದಲ್ಲ. ಅದರ ಮೇಲೆ ವೇಗದ ಪೈಪೋಟಿ. 2017ರ ಆಸುಪಾಸಿನಲ್ಲಿ ವಿಸ್ಕಾನ್ಸಿನ್ನಿನ ರೇವಿನ್ ಕಂಪನಿ ಹೆದೆ ಎಳೆದಾಗ ಆರಿಂಚು ಅಗಲಕ್ಕೆ ಕುಗ್ಗುವ ಬಿಲ್ಲನ್ನು ತಂದಿತು. ಅಗಲ ಬಿಲ್ಲುಗಳು ಅಂಗಡಿಯಲ್ಲಿ ಒಮ್ಮೆಗೇ ಹಳೆಯವಾಗಿ ಕಾಣತೊಡಗಿದವು.

ಇಲ್ಲಿ ಬೇಟೆಗಾರರ ಪಾಲೂ ಇದೆ ಎಂದು ಹೇಳದೆ ವಿಧಿಯಿಲ್ಲ. ಅಂಗಡಿಗೆ ಹೋದಾಗ ಬಾಣದ ವೇಗ ಎಷ್ಟು ಎಂದು ಕೇಳುವವರು ಹೆಚ್ಚು, ಹತ್ತು ವರ್ಷದ ಮೇಲೆ ಹೆದೆ ಸಿಗುತ್ತದೆಯೇ ಎಂದು ಕೇಳುವವರು ಕಡಿಮೆ. ಅದೇ ಕೆನಡಾದ ಎಕ್ಸ್‌ಕ್ಯಾಲಿಬರ್ ನೋಡಿ. 1983ರಲ್ಲಿ ಒಂಟಾರಿಯೋದ ಕಿಚನರ್‌ನಲ್ಲಿ ಶುರುವಾದ ಆ ಕಂಪನಿ ಗಾಲಿ, ಕೇಬಲ್ ಇಲ್ಲದ ರಿಕರ್ವ್ ಬಿಲ್ಲನ್ನೇ ನೆಚ್ಚಿಕೊಂಡಿತು. ಅದರ ಹೆದೆಯನ್ನು ಪ್ರೆಸ್ ಇಲ್ಲದೆ ಬೇಟೆಗಾರನೇ ಕಾಡಿನಲ್ಲಿ ಬದಲಿಸಬಹುದು. ಬಿಲ್ಲು ಅಗಲ, ಎಳೆಯಲು ಬಿಗಿ, ಬಿಡುವಾಗ ಸದ್ದು ಜಾಸ್ತಿ. ಆದರೆ ಅದನ್ನು ಕೊಂಡವನು ತಯಾರಕನ ಹಂಗಿನಲ್ಲಿ ಅಷ್ಟಾಗಿ ಇಲ್ಲ. ಎರಡು ಬಗೆಯೂ ಮಾರುಕಟ್ಟೆಯಲ್ಲಿದ್ದವು, ಆಯ್ಕೆ ಕೊಳ್ಳುವವರ ಕೈಯಲ್ಲಿತ್ತು.

ಹೆಸರು ಉಳಿದರೆ ನೆರವಾಗುತ್ತದೆಯೇ? ಹಾರ್ಟನ್ ಮುಚ್ಚಿದಾಗ ಅದೇ ಒಹಾಯೋದ ಮೊಗಡೋರ್‌ನಲ್ಲಿರುವ ಟೆನ್‌ಪಾಯಿಂಟ್ ಅದರ ಹೆಸರು, ವಿನ್ಯಾಸದ ಹಕ್ಕುಗಳನ್ನು ಕೊಂಡು, ಹಾರ್ಟನ್ ಹೆಸರಿನಲ್ಲೇ ಹೊಸ ಬಿಲ್ಲುಗಳನ್ನು ತಂದಿತು. ಹಳೆಯ ಹಾರ್ಟನ್ ಬಿಲ್ಲು ಇಟ್ಟುಕೊಂಡವರಿಗೆ ಇದರಿಂದ ಆಸೆ ಹುಟ್ಟುವುದು ಸಹಜ. ಆದರೆ ಮುಚ್ಚಿದ ಕಂಪನಿಯ ಆಸ್ತಿಯನ್ನು ಮಾತ್ರ ಕೊಂಡವರು ಸಾಮಾನ್ಯವಾಗಿ ಅದರ ಹಳೆಯ ವಾರಂಟಿಯ ಹೊರೆ ಹೊರುವುದಿಲ್ಲ, ಕಾನೂನೂ ಒತ್ತಾಯಿಸುವುದಿಲ್ಲ. ಯೆಜ್ಡಿ ಬೈಕು ಮಾಡುತ್ತಿದ್ದ ಮೈಸೂರಿನ ಐಡಿಯಲ್ ಜಾವಾ ಕಾರ್ಖಾನೆ 1996ರಲ್ಲಿ ಮುಚ್ಚಿದ್ದನ್ನು ಬಲ್ಲವರಿಗೆ ಇದು ಗೊತ್ತಿರುವ ದಾರಿ. ಯೆಜ್ಡಿ ಹೆಸರು 2022ರಲ್ಲಿ ಹೊಸ ಬೈಕಿನ ಮೇಲೆ ಮರಳಿತು, ಆದರೆ ನಡುವಿನ ಇಪ್ಪತ್ತೈದು ವರ್ಷ ಹಳೆಯ ಯೆಜ್ಡಿಗಳನ್ನು ಓಡಿಸಿದವರು ಗಲ್ಲಿಯ ಮೆಕ್ಯಾನಿಕ್‌ಗಳು, ಲೇತ್ ಹಿಡಿದವರು. ಕ್ರಾಸ್‌ಬೋಗೂ ಅಂಥ ಕೈಗಳಿವೆ. ಅಳತೆ ಸಿಕ್ಕರೆ ಹೆದೆ, ಕೇಬಲ್ ಹೊಸೆದುಕೊಡುವವರು ಅಮೆರಿಕದಲ್ಲಿ ಹಲವರಿದ್ದಾರೆ. ಬಾಗುವ ಪಟ್ಟಿಯನ್ನು ಮಾತ್ರ ಹಾಗೆ ಲೇತಿನಲ್ಲಿ ತೆಗೆಯಲು ಬರುವುದಿಲ್ಲ.

ಇಷ್ಟೆಲ್ಲ ನೋಡಿದ ಮೇಲೆ ನನ್ನ ತೀರ್ಮಾನ ಎರಡು ಪಾಲಾಗುತ್ತದೆ. ವಾರಂಟಿಯ ಹಣದ ಮಟ್ಟಿಗೆ ನಾನು ಕಂಪನಿಯವರನ್ನು ಮೋಸಗಾರರು ಎನ್ನಲಾರೆ. ಸಂಬಳ, ಸಾಲ ತೀರಿಸುವ ಶಕ್ತಿ ಇರುವಾಗಲೇ ಬಾಗಿಲು ಹಾಕುವುದು, ದಿವಾಳಿಯವರೆಗೆ ಎಳೆದು ಎಲ್ಲರನ್ನೂ ಮುಳುಗಿಸುವುದಕ್ಕಿಂತ ಮೇಲು. ದಿವಾಳಿಯಾದರೆ ವಾರಂಟಿ ಹಿಡಿದು ನಿಂತ ಗಿರಾಕಿಗೆ ಸರತಿಯ ಕೊನೆಯಲ್ಲಿ ಸಿಗುವುದು ಏನೂ ಇಲ್ಲ.

ಬಿಡಿಭಾಗಗಳ ಮಾತಿನಲ್ಲಿ ನಾನು ಬೇಟೆಗಾರರ ಕಡೆ. ಮುಚ್ಚುವ ಕಂಪನಿ ಪ್ರತಿ ಮಾಡೆಲ್‌ನ ಹೆದೆ, ಕೇಬಲ್‌ಗಳ ಅಳತೆ, ಗಾಲಿಗಳ ನಂಬರು, ಪಟ್ಟಿಗಳ ಭಾರದ ಗುರುತು ಇಷ್ಟನ್ನು ಎಲ್ಲರಿಗೂ ಸಿಗುವಂತೆ ಬಿಟ್ಟುಹೋಗಬೇಕು. ಉಳಿದ ಪಟ್ಟಿಗಳನ್ನು ಗುಜರಿಗೆ ಹಾಕದೆ ರಿಪೇರಿ ಮಾಡುವ ಡೀಲರ್‌ಗಳಿಗೆ ಕೊಡಬೇಕು. ಇದಕ್ಕೆ ಎರಡು ಆಕ್ಷೇಪ ಬರುತ್ತವೆ, ಎರಡೂ ಗಟ್ಟಿಯಾದವೇ. ಬೇರೆಯವರು ಮಾಡಿದ ಭಾಗ ಸಿಡಿದು ಯಾರಿಗಾದರೂ ಪೆಟ್ಟಾದರೆ ಕಂಪನಿಯ ಹಳೆಯ ಮಾಲೀಕನ ಮೇಲೇ ದಾವೆ ಬೀಳಬಹುದು. ಅಮೆರಿಕದಲ್ಲಿ ಆ ಭಯ ಕಾಲ್ಪನಿಕವಲ್ಲ. ವಿನ್ಯಾಸದ ಹಕ್ಕು ಎಂಬುದು ಮುಚ್ಚುವವನ ಕೈಯಲ್ಲಿ ಮಾರಲು ಉಳಿದಿರುವ ಕೊನೆಯ ವಸ್ತು ಎಂಬುದೂ ನಿಜ. ಹಾಗಾಗಿ ಪಟ್ಟಿ, ಕುದುರೆಯ ಪೆಟ್ಟಿಗೆ ಇವುಗಳ ನಕ್ಷೆಯನ್ನು ಅವರು ಬಚ್ಚಿಟ್ಟುಕೊಂಡರೆ ನಾನು ದೂರುವುದಿಲ್ಲ. ಹೆದೆಯ ಉದ್ದ ಗುಟ್ಟಲ್ಲ. ಎಷ್ಟೋ ಬಿಲ್ಲುಗಳ ಮೈಮೇಲಿನ ಚೀಟಿಯಲ್ಲೇ ಅದು ಅಚ್ಚಾಗಿರುತ್ತದೆ. ಅದನ್ನು ಒಂದೆಡೆ ಬರೆದಿಟ್ಟು ಹೋಗುವುದಕ್ಕೆ ಖರ್ಚಿಲ್ಲ, ಅದರಿಂದ ಸಾವಿರಾರು ಬಿಲ್ಲುಗಳು ಬಳಕೆಯಲ್ಲಿ ಉಳಿಯುತ್ತವೆ.

ಈಗಾಗಲೇ ಅಂಥ ಬಿಲ್ಲು ಮನೆಯಲ್ಲಿಟ್ಟುಕೊಂಡವರಿಗೆ ಉಳಿದಿರುವುದು ಎಚ್ಚರ. ಮೊದಲು ಚೀಟಿಯ ಮೇಲಿನ ಅಳತೆಗಳನ್ನು ಅಳಿಸಿಹೋಗುವ ಮುಂಚೆ ಬರೆದಿಟ್ಟುಕೊಳ್ಳಬೇಕು. ಹೆದೆ ಸವೆಯುವವರೆಗೆ ಕಾಯದೆ ಒಂದು ಜೊತೆ ಮಾಡಿಸಿಡುವುದು ಒಳ್ಳೆಯದು. ಪ್ರತಿ ಸೀಸನ್ನಿಗೂ ಮೊದಲು, ಬಾಣವಿಲ್ಲದೆ, ಹೆದೆ ಎಳೆಯದ ಸ್ಥಿತಿಯಲ್ಲಿ ಪಟ್ಟಿಗಳ ಮೇಲೆ ಹತ್ತಿಯ ಉಂಡೆಯೊಂದನ್ನು ಉದ್ದಕ್ಕೂ ಸವರಿ ನೋಡುವ ಪದ್ಧತಿ ಅನುಭವಿಗಳಲ್ಲಿದೆ. ಹತ್ತಿಯ ಎಳೆ ಎಲ್ಲಾದರೂ ಸಿಕ್ಕಿಕೊಂಡರೆ ಅಲ್ಲಿ ಫೈಬರ್‌ಗ್ಲಾಸ್ ಸೀಳತೊಡಗಿದೆ ಎಂದು ಅರ್ಥ. ಹಾಗಾದ ಬಿಲ್ಲಿನ ಹೆದೆ ಏರಿಸಬಾರದು, ಆ ಬಿಲ್ಲನ್ನು ಇನ್ನೊಬ್ಬರಿಗೆ ಮಾರಲೂಬಾರದು.