ಬೆರಳು ಬಿಡುವ ಹೊತ್ತು

ಮೂವತ್ತನಾಲ್ಕು ವರ್ಷ ಪ್ರಾಥಮಿಕ ಶಾಲೆಯಲ್ಲಿ ಪಾಠ ಹೇಳಿದವನು ನಾನು. ಒಂದನೆಯ ತರಗತಿಯಲ್ಲಿ ಮರಳಿನ ಮೇಲೆ ಅಕ್ಷರ ತಿದ್ದಿಸುವಾಗ ಮಗುವಿನ ತೋರುಬೆರಳು ಹಿಡಿದು ‘ಅ’ ಬರೆಸುವುದು ಯಾರಿಗಾದರೂ ಬರುತ್ತದೆ. ಯಾವ ದಿನ, ಅಕ್ಷರದ ಯಾವ ತಿರುವಿನಲ್ಲಿ ಆ ಬೆರಳನ್ನು ಬಿಡಬೇಕೆಂಬುದೇ ಕಷ್ಟ. ಬೇಗ ಬಿಟ್ಟರೆ ಮಗು ಬೆದರುತ್ತದೆ. ಬಿಡದೇ ಹೋದರೆ ವರ್ಷವಿಡೀ ಮೇಷ್ಟರೇ ಬರೆಯುತ್ತಿರುತ್ತಾರೆ, ಮಗುವಲ್ಲ. ಈ ಹಳೆಯ ಸಂಗತಿ ಮತ್ತೆ ನೆನಪಾದದ್ದು ಹಾಸನದಲ್ಲಿರುವ ನನ್ನ ಅಕ್ಕನ ಮನೆಯ ಬಚ್ಚಲಿನ ದೆಸೆಯಿಂದ.

ಅಕ್ಕನ ಮೊಮ್ಮಗನಿಗೆ ಹತ್ತೊಂಬತ್ತು ವರ್ಷ. ಆಟಿಸಂ ಇದೆ. ಮಾತು ಕಡಿಮೆ. ಸೀರೆಯನ್ನು ಅಂಚಿಗೆ ಅಂಚು ಕೂಡಿಸಿ ಅವನಂತೆ ಮಡಿಸುವವರು ಆ ಮನೆಯಲ್ಲಿ ಇನ್ನೊಬ್ಬರಿಲ್ಲ. ಆದರೆ ಸ್ನಾನವನ್ನು ತಾನಾಗಿ ಮುಗಿಸಲಾರ. ನಮಗೆ ಸ್ನಾನವೆಂದರೆ ಒಂದು ಕೆಲಸ. ಅವನಿಗೆ ಅದು ಇಪ್ಪತ್ತು ಕೆಲಸಗಳ ಸಾಲು, ಒಂದು ಮುಗಿದ ಮೇಲೆ ಇನ್ನೊಂದು ತಾನಾಗಿ ಹೊಳೆಯುವುದಿಲ್ಲ. ತಂದೆ ತಾಯಿ ಇಬ್ಬರೂ ಬೆಳಗಿನ ಬಸ್ಸಿಗೆ ಓಡುವವರಾದ್ದರಿಂದ ಎಪ್ಪತ್ತಾರರ ಅಜ್ಜಿಯೇ ನೀರು ಹುಯ್ಯಬೇಕು. ಬೆಳೆದ ಹುಡುಗ, ಅವನಿಗೂ ಸಂಕೋಚ, ಅವಳಿಗೂ ಸಂಕೋಚ. “ನಾನಿರೋ ತನಕ ಹುಯ್ತೀನಿ ಕಣೋ, ಆಮೇಲೆ ಯಾರು?” ಎಂದು ಅಕ್ಕ ಒಮ್ಮೆ ಕೇಳಿದಳು. ನನ್ನಲ್ಲಿ ಉತ್ತರವಿರಲಿಲ್ಲ.

ಇಲ್ಲೊಂದು ತಪ್ಪೊಪ್ಪಿಗೆ. ಆಟಿಸಂ ಎಂಬ ಹೆಸರು 1999ರ ನ್ಯಾಷನಲ್ ಟ್ರಸ್ಟ್ ಕಾಯ್ದೆಯಲ್ಲಿಯೇ ಸೇರಿತ್ತಾದರೂ ನನ್ನ ತರಗತಿಯವರೆಗೆ ಅದು ಬರಲಿಲ್ಲ. ಹೇಳಿದ ಮಾತನ್ನೇ ಹಿಂದಿರುಗಿ ಹೇಳುತ್ತಿದ್ದ ಹುಡುಗನೊಬ್ಬನನ್ನು, ಅಣಕಿಸುತ್ತಾನೆಂದು ತಿಳಿದು, ಇಡೀ ಮಧ್ಯಾಹ್ನ ಬೆಂಚಿನ ಮೇಲೆ ನಿಲ್ಲಿಸಿದ್ದೇನೆ. ಆದುದರಿಂದ ಯಂತ್ರಕ್ಕಿಂತ ಮೇಷ್ಟರೇ ಮೇಲು ಎಂದು ಕಣ್ಣುಮುಚ್ಚಿ ವಾದಿಸುವ ಯೋಗ್ಯತೆ ನನಗಿಲ್ಲ.

ಕಳೆದ ವರ್ಷ ಹುಡುಗನ ತಾಯಿ ತನ್ನ ಮೊಬೈಲಿನಲ್ಲಿ ಕೃತಕ ಬುದ್ಧಿಮತ್ತೆಯನ್ನು ಕೇಳಿದಳು: ಸ್ನಾನವನ್ನು ಹಂತಹಂತವಾಗಿ ಬಿಡಿಸಿ ಕನ್ನಡದಲ್ಲಿ ಹೇಳು ಎಂದು. ಒಂಬತ್ತು ಹಂತಗಳು ಬಂದವು. ಮೊದಲನೆಯದೇ ಶವರ್ ತಿರುಗಿಸುವುದು! ಆ ಮನೆಯಲ್ಲಿರುವುದು ಹಂಡೆ, ಬಕೆಟ್ಟು, ಚೊಂಬು. “ಸಾಕಷ್ಟು ನೀರಿನಿಂದ ದೇಹವನ್ನು ಸ್ವಚ್ಛಗೊಳಿಸಿಕೊಳ್ಳಿ” ಎಂದಿತ್ತು ಇನ್ನೊಂದು. ಸಾಕಷ್ಟು ಎಂದರೆ ಎಷ್ಟು? ಮಾತನ್ನು ಅಕ್ಷರಶಃ ಹಿಡಿಯುವ ಹುಡುಗನಿಗೆ ಅದು ಲೆಕ್ಕವೇ ಅಲ್ಲ. ತಾಯಿ ಸುಮ್ಮನಾಗಲಿಲ್ಲ. ಬಕೆಟ್ಟಿಗೆ ಮೊದಲು ತಣ್ಣೀರು, ಆಮೇಲೆ ಬಿಸಿನೀರು. ಮೈಮೇಲೆ ನಾಲ್ಕು ಚೊಂಬು, ಅನಂತರ ಸೋಪು. “ಸ್ವಚ್ಛಗೊಳಿಸಿಕೊಳ್ಳಿ” ಅಲ್ಲ, “ತೊಳ್ಕೊ” ಎಂದು ತಿದ್ದುತ್ತ ಹೋದಳು. ಯಂತ್ರವೂ ಬೇಸರಿಸದೆ ತಿದ್ದಿಕೊಂಡು ಇಪ್ಪತ್ತೆರಡು ಹಂತಗಳ ಪಟ್ಟಿ ಕೊಟ್ಟಿತು. ಅಷ್ಟು ಸಣ್ಣ ತುಂಡುಗಳಾಗಿ ಬಿಡಿಸುವುದು ಮನುಷ್ಯರಿಗೆ ಕಷ್ಟ. ರೂಢಿಯಾದ ಕೆಲಸದ ನಡುವಿನ ಮೆಟ್ಟಿಲುಗಳು ನಮ್ಮ ಕಣ್ಣಿಗೆ ಬೀಳುವುದೇ ಇಲ್ಲ. ಯಂತ್ರದ ಈ ಉಪಕಾರವನ್ನು ನಾನು ಮನಸಾರೆ ಒಪ್ಪುತ್ತೇನೆ.

ಆ ಪಟ್ಟಿಯನ್ನು ತಾಯಿಯ ದನಿಯಲ್ಲಿಯೇ ಮುದ್ರಿಸಿ, ಫೋನನ್ನು ಬಚ್ಚಲಿನ ಗೂಡಿನಲ್ಲಿಟ್ಟು, ಒಂದೊಂದೇ ಹಂತ ಕೇಳಿಸತೊಡಗಿದರು. ಎರಡು ತಿಂಗಳಲ್ಲಿ ಹುಡುಗ ಬಾಗಿಲು ಹಾಕಿಕೊಂಡು ಒಬ್ಬನೇ ಸ್ನಾನ ಮಾಡುವಂತಾದ. ಅಕ್ಕ ನನಗೆ ಫೋನು ಮಾಡಿ ಅತ್ತಳು.

ಅನಂತರ ಒಂದು ದಿನ ಫೋನಿನ ಚಾರ್ಜು ಮುಗಿಯಿತು. ಹನ್ನೊಂದನೆಯ ಹಂತದಲ್ಲಿ ದನಿ ನಿಂತಿತು. ಮೈಯೆಲ್ಲ ಸೋಪು ಹಚ್ಚಿಕೊಂಡಿದ್ದ ಹುಡುಗ ಮುಂದಿನ ಮಾತಿಗಾಗಿ ಕಾಯುತ್ತ ಹಾಗೆಯೇ ನಿಂತ. ಮುಕ್ಕಾಲು ಗಂಟೆಯಾದ ಮೇಲೆ ಅನುಮಾನ ಬಂದು ಅಕ್ಕ ಬಾಗಿಲು ಬಡಿದಾಗ ಅವನು ನಡುಗುತ್ತಿದ್ದ; ಸೋಪು ಮೈಮೇಲೆ ಒಣಗಿತ್ತು. ಚೊಂಬು ಕೈಯಳತೆಯಲ್ಲಿಯೇ ಇತ್ತು. ಅವನು ಸ್ನಾನ ಕಲಿತಿರಲಿಲ್ಲ, ದನಿಗೆ ವಿಧೇಯನಾಗುವುದನ್ನು ಕಲಿತಿದ್ದ. ಇದರಲ್ಲಿ ಅವನ ದೋಷವೇನೂ ಇಲ್ಲ. ನಾವು ಬೆರಳು ಬಿಟ್ಟಿರಲೇ ಇಲ್ಲ.

ಈ ಅಪಾಯ ಬಲ್ಲವರಿಗೆ ಹೊಸದಲ್ಲ. ಟೊರಾಂಟೊ ವಿಶ್ವವಿದ್ಯಾಲಯದಲ್ಲಿ ಅಲೆಕ್ಸ್ ಮಿಹೈಲಿಡಿಸ್ ಮತ್ತು ಸಂಗಡಿಗರು ‘ಕೋಚ್’ ಎಂಬ ವ್ಯವಸ್ಥೆಯನ್ನು ರೂಪಿಸಿದರು. ಮರೆವಿನ ಕಾಯಿಲೆಯ ವೃದ್ಧರು ಕೈ ತೊಳೆಯಲು ನೆರವಾಗಲೆಂದು ಮಾಡಿದ್ದು ಅದು. ಆಮೇಲೆ ಆಟಿಸಂ ಇರುವ ಮಕ್ಕಳೊಂದಿಗೂ ಪ್ರಯೋಗಿಸಿದರು, ಆ ಅಧ್ಯಯನ 2012ರಲ್ಲಿ ಪ್ರಕಟವಾಯಿತು. ತೊಟ್ಟಿಯ ಮೇಲಿನ ಕ್ಯಾಮರಾ ಕೈಗಳನ್ನು ಗಮನಿಸುತ್ತದೆ. ತಾನಾಗಿ ಮುಂದುವರಿದರೆ ಯಂತ್ರ ಮಾತನಾಡುವುದಿಲ್ಲ. ತಡವರಿಸಿದರೆ ಮಾತ್ರ ಸೂಚನೆ ಕೊಡುತ್ತದೆ. ಸುಮ್ಮನಿರುವುದೂ ಅದರ ಕೆಲಸದ ಭಾಗವೆಂಬುದು ನನಗೆ ಮೆಚ್ಚಿಗೆಯಾಯಿತು. ಇಂದು ಇಂತಹ ಆ್ಯಪ್ ಮಾರಲು ಬರುವವರನ್ನು ಕೇಳಬೇಕಾದ ಪ್ರಶ್ನೆಯೂ ಇದೇ: ನಿಮ್ಮ ಯಂತ್ರ ಯಾವಾಗ ಬಾಯಿ ಮುಚ್ಚುತ್ತದೆ? ತಿಂಗಳ ಚಂದಾದಿಂದ ಬದುಕುವವರಿಗೆ, ಕಲಿತು ಬಿಟ್ಟುಹೋಗುವ ಹುಡುಗನಿಗಿಂತ ಎಂದೆಂದಿಗೂ ಕೇಳುತ್ತಲೇ ಇರುವ ಹುಡುಗನೇ ಲಾಭ.

ಕ್ಯಾಮರಾ ಎಂದಾಗ ಮನೆಯಲ್ಲಿ ಜಗಳವೇ ಆಯಿತು. ಕೈತೊಳೆಯುವ ತೊಟ್ಟಿಯ ಮೇಲೆ ಇರಲಿ, ಬಚ್ಚಲಿನಲ್ಲಿ ಕೂಡದು ಎಂದೆ. ಹುಡುಗ ಬಾಯಿಬಿಟ್ಟು ಬೇಡವೆನ್ನಲಾರ, ಅದಕ್ಕಾಗಿಯೇ ನಾವು ಎನ್ನಬೇಕು. 2023ರ ದತ್ತಾಂಶ ರಕ್ಷಣಾ ಕಾಯ್ದೆ ಪೋಷಕರ ಒಪ್ಪಿಗೆಯ ಮಾತಾಡುತ್ತದೆ, ನಿಜ. ಒಪ್ಪಿಗೆ ಕೊಡಬಲ್ಲೆವೆಂದ ಮಾತ್ರಕ್ಕೆ ಕೊಡಬೇಕೆಂದಿಲ್ಲ. ಹಾಗೆಯೇ, ಸಂತೋಷವಾದಾಗ ಅವನು ಕೈ ಬಡಿಯುವುದನ್ನು ನಿಲ್ಲಿಸಲು ಪಾಠವಿದೆಯೇ ಎಂದು ನೆಂಟರೊಬ್ಬರು ಕೇಳಿದರು. ಅದು ದಿನನಿತ್ಯದ ಕೌಶಲವಲ್ಲ, ಅವನ ನಗು. ಅದರ ತಂಟೆಗೆ ಹೋಗಬೇಡಿ ಎಂದೆ.

ಆಮೇಲೆ ನಾವು ಮಾಡಿದ್ದು ಹಳೆಯ ಉಪಾಯ. ಚಿಕ್ಕ ಮಕ್ಕಳಿಗೆ ಅಂಗಿಯ ಗುಂಡಿ ಹಾಕಲು ಕಲಿಸುವಾಗ ಎಲ್ಲವನ್ನೂ ನಾನೇ ಹಾಕಿ ಕೊನೆಯದೊಂದನ್ನು ಅವರಿಗೆ ಬಿಡುತ್ತಿದ್ದೆ, ಮರುವಾರ ಕೊನೆಯ ಎರಡನ್ನು. ಹಾಗೆಯೇ ದನಿಯನ್ನು ಕೊನೆಯಿಂದ ಕತ್ತರಿಸುತ್ತ ಬಂದೆವು. ಇಪ್ಪತ್ತೆರಡನೆಯ ಹಂತ ಮೊದಲು ಹೋಯಿತು, ಆಮೇಲೆ ಇಪ್ಪತ್ತೊಂದು. ಹೋದ ದನಿಯ ಜಾಗದಲ್ಲಿ ಆ ಮನೆಯದೇ ಚೊಂಬಿನ, ಆ ಮನೆಯದೇ ಟವೆಲ್ಲಿನ ಫೋಟೋ ತೆಗೆದು ಗೋಡೆಗೆ ಅಂಟಿಸಿದೆವು. ಗೋಡೆಗೆ ಚಾರ್ಜು ಬೇಕಿಲ್ಲ. ಹತ್ತನೆಯ ಹಂತದಲ್ಲಿ ಐದು ವಾರ ಸಿಕ್ಕಿಕೊಂಡೆವು. ತಲೆಗೆ ನೀರು ಹುಯ್ದುಕೊಳ್ಳುವ ಹಂತ ಅದು, ಕಿವಿಗೆ ನೀರು ಹೋಗುವುದು ಅವನಿಗೆ ಸಹಿಸದು. ಹತ್ತಿ ಇಟ್ಟ ಮೇಲೆ ಮುಂದೆ ಸಾಗಿತು. ಇದನ್ನು ಕಂಡುಹಿಡಿದವಳು ಅಕ್ಕ, ಪಟ್ಟಿಯಲ್ಲಿರಲಿಲ್ಲ.

ಹೋದ ತಿಂಗಳು ಹೋದಾಗ ಫೋನು ಗೂಡಿನಲ್ಲಿರಲಿಲ್ಲ. ಗೋಡೆಯ ಮೇಲೆ ಆರು ಚಿತ್ರಗಳು ಉಳಿದಿದ್ದವು. ಅಕ್ಕ ಈಗ ಅವನಿಗೆ ಕಾಫಿ ಕಾಯಿಸಲು ಕಲಿಸೋಣ ಎನ್ನುತ್ತಿದ್ದಾಳೆ, ಅವನ ತಾಯಿ ಆಗಲೇ ಪಟ್ಟಿ ತಯಾರಿಸಿದ್ದಾಳೆ. ಗ್ಯಾಸ್ ಒಲೆಯ ವಿಷಯದಲ್ಲಿ ನಾನಿನ್ನೂ ಒಪ್ಪಿಲ್ಲ.