ಕಿವಿ ಹಿಂಡುವ ಮೊದಲು ಕಾರಣ ಹುಡುಕಿ



ತಂತಿವಾದ್ಯದ ಶ್ರುತಿ ತಪ್ಪಿದರೆ ಮೊದಲು ಏನು ಮಾಡ್ತೀರಿ? ಬಿರಡೆ ತಿರುಗಿಸ್ತೀರಿ, ಅಲ್ವಾ? ತಂತಿಯ ಕಿವಿ ಹಿಂಡುವುದು ಸುಲಭ. ಆದರೆ ತಪ್ಪು ಆ ತಂತಿಯದ್ದೇ ಎಂದು ಹೇಳಿದವರು ಯಾರು? ತಿದ್ದುವ ಮೊದಲು ಕಾರಣ ಹುಡುಕಬೇಕು ಎಂಬುದು ನನ್ನ ವಾದ. ಅದಕ್ಕೆ ಪೆಡಲ್ ಸ್ಟೀಲ್ ಗಿಟಾರ್ ಒಳ್ಳೆಯ ಉದಾಹರಣೆ.

ಇದು ಅಮೆರಿಕದ ಕಂಟ್ರಿ ಸಂಗೀತದ ವಾದ್ಯ. ಇದರ ಮೂಲ ಹವಾಯಿ ದ್ವೀಪದ ಗಿಟಾರ್. ಅದನ್ನು ತೊಡೆಯ ಮೇಲೆ ಮಲಗಿಸಿ, ತಂತಿಗಳ ಮೇಲೆ ಉಕ್ಕಿನ ತುಂಡು ಜಾರಿಸಿ ನುಡಿಸುತ್ತಾರೆ. ನಮ್ಮ ವಿಶ್ವಮೋಹನ ಭಟ್ಟರ ಮೋಹನವೀಣೆಯೂ ಅದೇ ಕುಟುಂಬದ್ದು. ಪೆಡಲ್ ಸ್ಟೀಲ್ ಮಾತ್ರ ಕಾಲುಗಳಿರುವ ಉದ್ದನೆಯ ಮೇಜಿನಂತೆ ನಿಲ್ಲುತ್ತದೆ. ಮೇಲೆ ಸಾಮಾನ್ಯವಾಗಿ 10 ತಂತಿ, ಕೆಳಗೆ ಪೆಡಲ್‌ಗಳು, ಜೊತೆಗೆ ಮೊಣಕಾಲಿನಿಂದ ತಳ್ಳುವ ಲಿವರ್‌ಗಳು. ಪೆಡಲ್ ಒತ್ತಿದಾಗ ತಳದಲ್ಲಿರುವ ಕಂಬಿಗಳು ಆಯ್ದ ತಂತಿಗಳನ್ನಷ್ಟೇ ಎಳೆಯುತ್ತವೆ, ಸ್ವರ ಏರುತ್ತದೆ. ಕಾಲು ತೆಗೆದರೆ ಹಳೆಯ ಸ್ವರಕ್ಕೆ ಮರಳಬೇಕು. 1954ರಲ್ಲಿ ಬಂದ ವೆಬ್ ಪಿಯರ್ಸ್ ಅವರ ‘ಸ್ಲೋಲಿ’ ಹಾಡಿನಲ್ಲಿ ಬಡ್ ಐಸಾಕ್ಸ್ ಹೀಗೆ ಸ್ವರ ಏರಿಸಿದ್ದನ್ನು ಕೇಳಿ ಉಳಿದವರೂ ತಮ್ಮ ವಾದ್ಯಕ್ಕೆ ಪೆಡಲ್ ಜೋಡಿಸತೊಡಗಿದರು.

ಇಷ್ಟು ಚಲಿಸುವ ಭಾಗಗಳಿದ್ದರೆ ಶ್ರುತಿ ತಪ್ಪದೆ ಇರುತ್ತದೆಯೇ? ತಪ್ಪಿದಾಗ ಕೇಳಬೇಕಾದ ಮೊದಲ ಪ್ರಶ್ನೆ: ಯಾವಾಗ ತಪ್ಪುತ್ತದೆ?

ಪೆಡಲ್ ಮುಟ್ಟದಿದ್ದಾಗ ಸರಿ, ಒತ್ತಿದಾಗ ಮಾತ್ರ ತಪ್ಪು ಎಂದರೆ ಬಿರಡೆಯ ತಂಟೆಗೆ ಹೋಗಲೇಬೇಡಿ. ಒತ್ತಿದ ಸ್ವರವನ್ನು ತಿದ್ದಲು ಕಂಬಿಯ ತುದಿಯಲ್ಲಿ ಬೇರೆಯೇ ನಟ್ ಇರುತ್ತದೆ. ಬಿರಡೆ ತಿರುಗಿಸಿದರೆ ಸರಿಯಿದ್ದ ಸ್ವರವೂ ಕೆಡುತ್ತದೆ. ಪೆಡಲ್ ಬಿಟ್ಟ ಮೇಲೆ ಸ್ವರ ಮೊದಲಿದ್ದಲ್ಲಿಗೆ ಮರಳದಿದ್ದರೆ ಎಲ್ಲೋ ಘರ್ಷಣೆ ಇದೆ, ಇಲ್ಲವೇ ಆ ನಟ್ ಅತಿಯಾಗಿ ಬಿಗಿಯಾಗಿದೆ.

ಇನ್ನೊಂದು ತಮಾಷೆ ನೋಡಿ. ಮೊದಲ ಎರಡು ಪೆಡಲ್ ಒಟ್ಟಿಗೆ ಒತ್ತಿ, ಅವು ಎಳೆಯದ 4ನೇ ತಂತಿಯನ್ನು ಮೀಟಿದರೆ, ಅದರ ಶ್ರುತಿಯೂ ಚೂರು ಇಳಿದಿರುತ್ತದೆ! ಅದನ್ನು ಯಾರೂ ಮುಟ್ಟಿಲ್ಲ. ಬೇರೆ ತಂತಿಗಳು ಬಿಗಿಯಾದಾಗ ಆ ಸೆಳೆತಕ್ಕೆ ವಾದ್ಯದ ಮೈಯೇ ಒಂದಿಷ್ಟು ಬಾಗುತ್ತದೆ, ಉಳಿದ ತಂತಿಗಳು ಸಡಿಲವಾಗುತ್ತವೆ. ಈಗ ಹೇಳಿ, 4ನೇ ತಂತಿಯ ಕಿವಿ ಹಿಂಡಿದರೆ ನ್ಯಾಯವೇ?

ಸೆಖೆಯ ಕೆಲಸವೂ ಇದೆ. ಉಕ್ಕು 1 ಡಿಗ್ರಿ ಸೆಲ್ಸಿಯಸ್‌ಗೆ ತನ್ನ ಉದ್ದದ ಲಕ್ಷದಲ್ಲಿ ಸುಮಾರು 1.2 ಪಾಲು ಹಿಗ್ಗುತ್ತದೆ. ವಾದ್ಯದ ಮೈ ಹಾಗೇ ಉಳಿದು ತಂತಿ ಮಾತ್ರ 10 ಡಿಗ್ರಿ ಬಿಸಿಯಾಯಿತು ಅನ್ನಿ. ತುಂಬ ಬಿಗಿಯಾಗಿರುವ 3ನೇ ತಂತಿಯ ಶ್ರುತಿ ಲೆಕ್ಕದ ಪ್ರಕಾರ ಸುಮಾರು 10 ಸೆಂಟ್ ಇಳಿಯುತ್ತದೆ. ಒಂದು ಸ್ಥಾಯಿಗೆ 1200 ಸೆಂಟ್, ಒಂದು ಅರ್ಧಸ್ವರಕ್ಕೆ 100.

ಕೆಲವೊಮ್ಮೆ ತಪ್ಪೇ ಇರುವುದಿಲ್ಲ. ಎಲೆಕ್ಟ್ರಾನಿಕ್ ಟ್ಯೂನರ್ ಸ್ಥಾಯಿಯನ್ನು 12 ಸಮಭಾಗ ಮಾಡುತ್ತದೆ. ಅದರ ಪ್ರಕಾರ ಷಡ್ಜದಿಂದ ಅಂತರ ಗಾಂಧಾರಕ್ಕೆ 400 ಸೆಂಟ್. ಆದರೆ ತಂಬೂರಿಯ ನಾದದಲ್ಲಿ ತಾನಾಗಿ ಕೇಳಿಬರುವ ಗಾಂಧಾರದ ಅನುಪಾತ 5/4, ಅಂದರೆ ಸುಮಾರು 386 ಸೆಂಟ್. ಪೆಡಲ್ ಸ್ಟೀಲ್ ನುಡಿಸುವ ಅನೇಕರು ಬೇಕೆಂದೇ ಈ ಸ್ವರವನ್ನು ಟ್ಯೂನರ್ ತೋರಿಸುವುದಕ್ಕಿಂತ ತಗ್ಗಿಸುತ್ತಾರೆ. ಮುಳ್ಳು ‘ತಪ್ಪು’ ಎನ್ನುತ್ತದೆ, ಕಿವಿ ‘ಸರಿ’ ಎನ್ನುತ್ತದೆ. ಎರಡೂ ಸುಳ್ಳಲ್ಲ, ಅಳತೆಗೋಲು ಬೇರೆ ಅಷ್ಟೇ.

ಈಗ ನಮ್ಮ ಲ್ಯಾಬಿಗೆ ಬನ್ನಿ. ಸೋನೋಮೀಟರ್ ಪ್ರಯೋಗ ಮಾಡ್ತೀರಿ. ಶ್ರುತಿಕವೆಯ ಮೇಲೆ 256 ಎಂದು ಕೆತ್ತಿದೆ, ನಿಮ್ಮ ಲೆಕ್ಕದಲ್ಲಿ 261 ಬರುತ್ತದೆ. ಮುಂದೇನು? ಹೆಚ್ಚಿನವರು ಪಕ್ಕದವರ ಪುಸ್ತಕ ನೋಡಿ, ಉತ್ತರದಿಂದ ಹಿಂದಕ್ಕೆ ಲೆಕ್ಕ ಮಾಡಿ, ಉದ್ದವನ್ನು ತಿದ್ದಿಬಿಡ್ತಾರೆ. ಇಡೀ ತರಗತಿಯ ರೆಕಾರ್ಡಿನಲ್ಲಿ 256! ಇದು ಬಿರಡೆ ತಿರುಗಿಸುವ ಕೆಲಸವೇ. ಆ 261ರಲ್ಲಿ ಒಂದು ಸುದ್ದಿ ಇತ್ತು, ಅದನ್ನು ರಬ್ಬರಿನಿಂದ ಅಳಿಸಿದಿರಿ.

ಏನು ಸುದ್ದಿ? ತೂಗುಬಿಟ್ಟ ಭಾರ ಪೂರ್ತಿಯಾಗಿ ತಂತಿಗೆ ತಲುಪಿಲ್ಲದಿರಬಹುದು. ರಾಟೆಯ ಘರ್ಷಣೆ ಬರೀ 4% ತಿಂದರೂ 256ರ ಬದಲು 261 ಬರುತ್ತದೆ, ವರ್ಗಮೂಲ ಹಾಕಿ ನೀವೇ ನೋಡಿ. ತೂಕದ ಕೊಕ್ಕೆಯ ಭಾರ ಸೇರಿಸಲು ಮರೆತಿದ್ದರೆ ಉತ್ತರ 256ಕ್ಕಿಂತ ಕಡಿಮೆ ಬರುತ್ತಿತ್ತು. ಹಾಗಾಗಿ ಉತ್ತರ ಯಾವ ಕಡೆಗೆ ತಪ್ಪಿದೆ ಎಂಬುದೂ ಒಂದು ಸುಳಿವು. ರಾಟೆಗೆ ಒಂದು ಹನಿ ಎಣ್ಣೆ ಬಿಟ್ಟು ಮತ್ತೆ ಅಳೆಯಿರಿ. 261 ಇಳಿದು 258 ಆದರೆ ಕಾರಣ ಸಿಕ್ಕಿತೆಂದೇ ಲೆಕ್ಕ.

“ಮಾರ್ಕು ಹೋದರೆ ಸರ್?” ಅಂತ ಕೇಳ್ತೀರಿ. ನ್ಯಾಯವಾದ ಪ್ರಶ್ನೆ. ಇದಕ್ಕೆ ಉತ್ತರ ಕೊಡಬೇಕಾದವರು ನಾವು ಶಿಕ್ಷಕರು. 261 ಬರೆದು, ಕೆಳಗೆ ಕಾರಣವನ್ನು ಎರಡು ಸಾಲಿನಲ್ಲಿ ವಿವರಿಸಿದ ರೆಕಾರ್ಡಿಗೆ ನಕಲು ಮಾಡಿದ 256ಕ್ಕಿಂತ ಹೆಚ್ಚು ಅಂಕ ಸಿಗಬೇಕು. ಗಡಿನಾಡಿನ ನಮ್ಮ ಕನ್ನಡ ಶಾಲೆಗಳ ಲ್ಯಾಬುಗಳಲ್ಲಿ ಹೊಸ ಉಪಕರಣ ಕಡಿಮೆ ಎಂಬ ಕೊರಗು ಇದ್ದೇ ಇದೆ. ಆದರೆ ಹಳೆಯ, ಜಂಗು ಹಿಡಿದ ರಾಟೆ ಘರ್ಷಣೆಯ ಪಾಠವನ್ನು ಹೊಸದಕ್ಕಿಂತ ಚೆನ್ನಾಗಿ ಹೇಳಿಕೊಡುತ್ತದೆ. ಕೇಳುವವರು ಬೇಕು, ಅಷ್ಟೇ.

ಮುಂದಿನ ಸಲ ಉತ್ತರ ತಪ್ಪಿದರೆ ರಬ್ಬರನ್ನು ಜೇಬಿನಲ್ಲೇ ಇಟ್ಟುಕೊಳ್ಳಿ. ಯಾವಾಗ ತಪ್ಪಿತು, ಯಾವ ಕಡೆಗೆ ತಪ್ಪಿತು, ಎಷ್ಟು ತಪ್ಪಿತು ಎಂದು ಬರೆದು ನಿಮ್ಮ ಟೀಚರಿಗೆ ತೋರಿಸಿ.